ಚೆಕ್ಕಿನ ಬೆನ್ನಿಗೆ ಬರೆಯದ ಒಂದೂವರೆ ಲಕ್ಷ: ರಬಕವಿ-ಬನಹಟ್ಟಿಯ ಒಂದು ಪ್ರಕರಣ

2025ರ ಜನವರಿ 17ರಂದು ಒಂದು ಚೆಕ್ ಬೌನ್ಸ್ ಪ್ರಕರಣದಲ್ಲಿ ಎದುರು ಪಕ್ಷದ ವಕೀಲರ ಉತ್ತರ ನೋಟಿಸು ನನ್ನ ಕಚೇರಿಗೆ ಬಂತು. ಎರಡು ಪುಟದ ಪತ್ರ, ಅದಕ್ಕೆ ಪಿನ್ ಹಾಕಿದ ನಾಲ್ಕು ಮೊಬೈಲ್ ಸ್ಕ್ರೀನ್‌ಶಾಟಿನ ಪ್ರಿಂಟು. 50,000, 40,000, 35,000, 25,000. ನಾಲ್ಕೂ ಯುಪಿಐ ಪಾವತಿಗಳು, ನಾಲ್ಕೂ ಅಕ್ಟೋಬರ್-ನವೆಂಬರ್‌ನಲ್ಲಿ ಆದವು. ಹಣ ಹೋಗಿದ್ದು ನನ್ನ ಕಕ್ಷಿದಾರರ ಮಗನ ಖಾತೆಗೆ. ಪತ್ರದ ಕೊನೆಯ ಸಾಲು: ನಿಮ್ಮ ಕಕ್ಷಿದಾರರು 4,80,000 ರೂಪಾಯಿ ಕೇಳಿದ್ದಾರೆ, ಅಷ್ಟು ಬಾಕಿಯೇ ಇಲ್ಲ, ಆದ್ದರಿಂದ ನಿಮ್ಮ ನೋಟಿಸು ಊರ್ಜಿತವಲ್ಲ.

ಓದಿ ಮುಗಿಸುವಷ್ಟರಲ್ಲಿ ನನಗೆ ಗೊತ್ತಾಗಿತ್ತು, ಅವರು ಹೇಳಿದ್ದು ಸರಿ.

ಕಕ್ಷಿದಾರರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು ಈ ಪ್ರಕರಣ ಬರೆಯುತ್ತಿದ್ದೇನೆ. ಚೆಕ್ ಬೌನ್ಸ್ ಬಗ್ಗೆ ಕನ್ನಡದಲ್ಲಿ ಸಿಗುವ ಹೆಚ್ಚಿನ ಮಾಹಿತಿ "30 ದಿನದೊಳಗೆ ನೋಟಿಸು ಕೊಡಿ" ಎಂಬಲ್ಲಿಗೆ ನಿಲ್ಲುತ್ತದೆ. ನಮ್ಮ ತೊಡಕು ಅದರಾಚೆಗೆ ಇತ್ತು, ಮತ್ತು ನಮ್ಮ ಭಾಗದ ನೂರಾರು ನೇಕಾರರಿಗೆ ಅದು ನಾಳೆ ಎದುರಾಗಬಹುದು.

ನನ್ನ ಕಕ್ಷಿದಾರರು ಬನಹಟ್ಟಿಯವರು, ಅರವತ್ತು ದಾಟಿದವರು. ಮನೆಯ ಹಿಂದಿನ ಶೆಡ್ಡಿನಲ್ಲಿ ಎಂಟು ಪಾವರ್‌ಲೂಮ್. ನಾನು ಅವರನ್ನು ಕಾಕಾ ಎಂದೇ ಕರೆಯುವುದು. ಬಾಗಲಕೋಟೆ ಜಿಲ್ಲೆಯ ಈ ಜೋಡಿ ಊರಿನಲ್ಲಿ ವ್ಯವಹಾರ ನಡೆಯುವುದೇ ಉದ್ರಿಯ ಮೇಲೆ. ನೂಲಿನವನು ನೇಕಾರನಿಗೆ ಉದ್ರಿ ಕೊಡುತ್ತಾನೆ, ನೇಕಾರ ಸೀರೆ ವ್ಯಾಪಾರಿಗೆ ಉದ್ರಿ ಕೊಡುತ್ತಾನೆ, ವ್ಯಾಪಾರಿ ಅಂಗಡಿಯವರಿಗೆ. ಈ ಸರಪಳಿಯಲ್ಲಿ ಭರವಸೆಗೆ ಇರುವ ಒಂದೇ ವಸ್ತು ಮುಂದಿನ ತಾರೀಖು ಹಾಕಿದ ಚೆಕ್ಕು. 2024ರ ಶ್ರಾವಣದಲ್ಲಿ ಕಾಕಾ ಮಹಾರಾಷ್ಟ್ರದ ಇಚಲಕರಂಜಿಯ ಒಬ್ಬ ವ್ಯಾಪಾರಿಗೆ ತಲಾ 400 ರೂಪಾಯಿಯಂತೆ 1,200 ಸೀರೆ ಕಳಿಸಿದರು. ಬದಲಿಗೆ ಬಂದದ್ದು ಡಿಸೆಂಬರ್ 10ರ ತಾರೀಖಿನ, 4,80,000 ರೂಪಾಯಿಯ ಒಂದು ಚೆಕ್ಕು. ಕಾಕಾ ಅದನ್ನು ದೇವರ ಜಗಲಿಯ ಡಬ್ಬಿಯಲ್ಲಿ ಇಟ್ಟರು.

ಡಿಸೆಂಬರ್ 12ಕ್ಕೆ ಚೆಕ್ಕು ಬ್ಯಾಂಕಿಗೆ ಹಾಕಿದರು. ಮರುದಿನ "ಖಾತೆಯಲ್ಲಿ ಸಾಕಷ್ಟು ಹಣವಿಲ್ಲ" ಎಂಬ ಮೆಮೊ ಜತೆ ವಾಪಸ್ ಬಂತು. ನನ್ನ ಬಳಿ ಬಂದರು. ನಾನು ಜನವರಿ 2ಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಕಳಿಸಿದೆ, 6ಕ್ಕೆ ಅದು ವ್ಯಾಪಾರಿಗೆ ಮುಟ್ಟಿತು. ದಿನಗಳ ಲೆಕ್ಕದಲ್ಲಿ ಎಲ್ಲವೂ ಸರಿಯಿತ್ತು. ನಾನು ಕೇಳದೇ ಬಿಟ್ಟ ಪ್ರಶ್ನೆ ಒಂದೇ: ಈ ನಡುವೆ ಫೋನಿನಲ್ಲಿ ಏನಾದರೂ ರೊಕ್ಕ ಬಂದಿದೆಯೇ? ಕೇಳಬೇಕಿತ್ತು. ಕಾಕಾ ಬಳಸುವುದು ಸಾದಾ ಬಟನ್ ಫೋನು. ಫೋನ್‌ಪೇ ಇರುವುದು ಮಗನ ಹತ್ತಿರ. ಮಗ ಆ ರೊಕ್ಕವನ್ನು ನೂಲಿನವನಿಗೂ ಆಳುಗಳ ಪಗಾರಕ್ಕೂ ಕೊಟ್ಟು, ಮುಂದಿನ ಮಾಲಿನ ಅಡ್ವಾನ್ಸ್ ಇರಬೇಕೆಂದು ಸುಮ್ಮನಿದ್ದ. ತಂದೆಗೆ ಹೇಳಿದ್ದನಂತೆ, ಆದರೆ ಚೆಕ್ಕಿಗೂ ಅದಕ್ಕೂ ಸಂಬಂಧವಿದೆ ಎಂದು ಇಬ್ಬರಿಗೂ ಅನಿಸಿರಲಿಲ್ಲ.

"ಚೆಕ್ ಡಬ್ಬ್ಯಾಗ ಇತ್ತರೀ ವಕೀಲ್ರ, ರೊಕ್ಕ ಫೋನಿನ್ಯಾಗ ಬಂತು. ಅದಕ್ಕೂ ಇದಕ್ಕೂ ಗಂಟು ಹಾಕಾವ್ರು ಯಾರು?" ಎಂದರು ಕಾಕಾ. ಇಡೀ ಪ್ರಕರಣದ ಪ್ರಶ್ನೆ ಅದೇ ಆಗಿತ್ತು.

ಗಂಟು ಹಾಕುವ ಕೆಲಸವನ್ನು ಕಾನೂನು ಚೆಕ್ಕು ಹಿಡಿದವನಿಗೆ ವಹಿಸಿದೆ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ 1881ರದು, ಜಾರಿಗೆ ಬಂದದ್ದು 1882ರ ಮಾರ್ಚ್ 1ಕ್ಕೆ. ಅದರ 56ನೇ ಕಲಮಿನ ಪ್ರಕಾರ, ಹಣದಲ್ಲಿ ಒಂದು ಭಾಗ ಸಂದಾಯವಾಗಿದ್ದರೆ ಆ ಮಾತನ್ನು ಪತ್ರದ ಮೇಲೆಯೇ ಬರೆಯಬಹುದು, ಬರೆದ ಮೇಲೆ ಉಳಿದ ಮೊತ್ತಕ್ಕೆ ಅದನ್ನು ಬಳಸಬಹುದು. ಹುಂಡಿ, ಪ್ರೊನೋಟುಗಳ ಕಾಲದಲ್ಲಿ ಇದು ಸಹಜವಾದ ರೂಢಿ. ನಮ್ಮ ಅಜ್ಜಂದಿರ ಪ್ರೊನೋಟು ತಿರುವಿ ನೋಡಿ, ಬೆನ್ನಿಗೆ ಸಾಲುಸಾಲಾಗಿ "ಇಂಥಾ ದಿನ ಇಷ್ಟು ಮುಟ್ಟಿತು" ಎಂದು ಬರೆದಿರುತ್ತದೆ. ಕೊಡುವವನು ಎದುರಿಗೆ ಕೂತಿರುತ್ತಿದ್ದ, ಕಾಗದವೂ ಎದುರಿಗೇ ಇರುತ್ತಿತ್ತು.

2022ರ ಅಕ್ಟೋಬರಿನಲ್ಲಿ ದಶರಥಭಾಯಿ ತ್ರಿಕಂಭಾಯಿ ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹಳೆಯ ಕಲಮಿಗೆ ಹೊಸ ತೂಕ ಕೊಟ್ಟಿತು. ಚೆಕ್ಕು ಬರೆದುಕೊಟ್ಟ ನಂತರ, ಅದನ್ನು ಬ್ಯಾಂಕಿಗೆ ಹಾಕುವ ಮುನ್ನ ಭಾಗಶಃ ಹಣ ಬಂದಿದ್ದರೆ ಅದನ್ನು 56ನೇ ಕಲಮಿನಂತೆ ಚೆಕ್ಕಿನ ಮೇಲೆ ನಮೂದಿಸಲೇಬೇಕು. ನಮೂದಿಸದೆ ಪೂರ್ತಿ ಮೊತ್ತಕ್ಕೆ ಹಾಕಿದರೆ, ಆ ದಿನ ಅಷ್ಟು ಸಾಲವೇ ಇರಲಿಲ್ಲವಾದ್ದರಿಂದ 138ನೇ ಕಲಮಿನ, ಅಂದರೆ ಚೆಕ್ ಬೌನ್ಸಿನ, ಅಪರಾಧ ಆಗುವುದಿಲ್ಲ. ಬಂದ ರೊಕ್ಕವನ್ನು ಮುಚ್ಚಿಟ್ಟು ಪೂರ್ತಿ ಚೆಕ್ಕು ಹಾಕುವ, ಸಾಲ ಕೊಟ್ಟವರು ನಮ್ಮಲ್ಲಿ ಬಹಳ ಇದ್ದಾರೆ, ಅವರ ಕೈಯಿಂದ ಬಡವರನ್ನು ಉಳಿಸುವ ತೀರ್ಪು ಇದು. ಆದರೆ ಕಾಕಾ ಅಂಥವರಲ್ಲ.

ಹಾಗಿದ್ದರೆ ನೋಟಿಸಿನಲ್ಲಿ 3,30,000 ಎಂದು ಬರೆದಿದ್ದರೆ ಸಾಕಿತ್ತೇ? ಅದೂ ಆಗುವುದಿಲ್ಲ. 138ರ ನೋಟಿಸಿನಲ್ಲಿ ಕೇಳಬೇಕಾದ್ದು ಚೆಕ್ಕಿನ ಮೊತ್ತವನ್ನೇ. ನಮ್ಮ ಪ್ರಕರಣ ಮುಗಿದ ಮೇಲೆ, 2025ರ ಸೆಪ್ಟೆಂಬರಿನಲ್ಲಿ, ಕಾವೇರಿ ಪ್ಲಾಸ್ಟಿಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಬಿಗಿ ಮಾಡಿತು: ನೋಟಿಸಿನ ಮೊತ್ತ ಚೆಕ್ಕಿನ ಮೊತ್ತಕ್ಕಿಂತ ಬೇರೆಯಾದರೆ ನೋಟಿಸು ಅಸಿಂಧು, ಟೈಪಿನ ತಪ್ಪು ಎಂಬ ಸಮಜಾಯಿಷಿಯೂ ನಡೆಯದು. ಎರಡನ್ನೂ ಜೋಡಿಸಿ ನೋಡಿ. ಚೆಕ್ಕಿನ ಪೂರ್ತಿ ಮೊತ್ತ ಕೇಳಿದರೆ ಅಷ್ಟು ಸಾಲ ಇಲ್ಲ. ಇರುವಷ್ಟು ಸಾಲ ಕೇಳಿದರೆ ಅದು ಚೆಕ್ಕಿನ ಮೊತ್ತವಲ್ಲ. ಈ ಇಕ್ಕಟ್ಟಿನಿಂದ ಹೊರಬರಲು ಇರುವ ಬಾಗಿಲು ಒಂದೇ, ಚೆಕ್ಕಿನ ಬೆನ್ನಿಗೆ ಬರೆಯುವ ಆ ಒಂದು ಸಾಲು.

ನನ್ನ ಮುಂದೆ ಆಗ ಮೂರು ದಾರಿಗಳಿದ್ದವು. ಹಳೆಯ ನೋಟಿಸಿನ ಮೇಲೆಯೇ ಫಿರ್ಯಾದಿ ಹಾಕುವುದು, ಸೋಲು ಖಚಿತ. ಮೊದಲ ಬೌನ್ಸಿಗೇ ಹೊಸ ನೋಟಿಸು ಕೊಡುವುದು. ಮೆಮೊ ಬಂದ 30 ದಿನ ಜನವರಿ 12ಕ್ಕೇ ಮುಗಿದಿತ್ತು. ಮೂರನೆಯದು, ಹಿಂಬರಹ ಬರೆದು ಚೆಕ್ಕನ್ನು ಮತ್ತೆ ಬ್ಯಾಂಕಿಗೆ ಹಾಕುವುದು. 2012ರಿಂದ ಚೆಕ್ಕಿನ ಆಯುಷ್ಯ ಮೂರು ತಿಂಗಳು, ಹಾಗಾಗಿ ನಮಗೆ ಮಾರ್ಚ್ ಮೊದಲ ವಾರದವರೆಗೆ ಸಮಯವಿತ್ತು. ಎರಡನೇ ಸಲ ಬೌನ್ಸಾದರೆ ಅದರ ಆಧಾರದ ಮೇಲೆ ಹೊಸ ನೋಟಿಸು, ಹೊಸ ಫಿರ್ಯಾದಿ ಸಾಧ್ಯ ಎಂದು ಸುಪ್ರೀಂ ಕೋರ್ಟ್ ಎಂಎಸ್‌ಆರ್ ಲೆದರ್ಸ್ ಪ್ರಕರಣದಲ್ಲಿ 2012ರಲ್ಲೇ ಹೇಳಿದೆ.

ನಾಲ್ಕನೆಯದೊಂದು ದಾರಿಯನ್ನು ಯಾರೋ ಕಾಕಾ ಅವರ ಕಿವಿಯಲ್ಲಿ ಹೇಳಿದ್ದರು. ಯುಪಿಐ ರೊಕ್ಕದ ಜತೆ ವ್ಯಾಪಾರಿ ಯಾವ ಟಿಪ್ಪಣಿಯನ್ನೂ ಬರೆದಿರಲಿಲ್ಲ. 1872ರ ಕರಾರು ಕಾಯ್ದೆಯ 59 ಮತ್ತು 60ನೇ ಕಲಮುಗಳ ಪ್ರಕಾರ, ಯಾವ ಸಾಲಕ್ಕೆ ಎಂದು ಕೊಡುವವನು ಹೇಳದಿದ್ದರೆ ಪಡೆದವನು ತನಗೆ ಬರಬೇಕಾದ ಬೇರೆ ಸಾಲಕ್ಕೆ ಅದನ್ನು ಜಮಾ ಮಾಡಿಕೊಳ್ಳಬಹುದು. "ಹಳೇ ಬಾಕಿ ಇತ್ತು ಅಂತ ಕಿರ್ದಿಯಲ್ಲಿ ಒಂದು ಸಾಲು ಸೇರಿಸಿಬಿಡಿ" ಎಂಬ ಸಲಹೆ ಅದು. ಕಿರ್ದಿ ತೆಗೆದು ನೋಡಿದೆವು. ಹಳೆಯ ಲೆಕ್ಕ ಯುಗಾದಿಗೇ ಚುಕ್ತಾ ಆಗಿತ್ತು. "ಇಲ್ಲದ್ದನ್ನ ಹ್ಯಾಂಗ ಬರಿಯೂದ್ರೀ" ಎಂದು ಕಾಕಾ ಪುಸ್ತಕ ಮುಚ್ಚಿದರು. ಆ ಕ್ಷಣಕ್ಕೆ ನನಗೆ ಅವರ ಮೇಲಿದ್ದ ಗೌರವ ಇನ್ನೂ ಹೆಚ್ಚಾಯಿತು. ಪ್ರಾಮಾಣಿಕನಾಗಿ ಇರುವವನಿಗೇ ಕಾನೂನು ಇಷ್ಟು ಕಷ್ಟವಾಗಬಾರದು ಎಂದೂ ಅನಿಸಿತು.

ಹಾಗಾಗಿ ಮೂರನೇ ದಾರಿ. ಚೆಕ್ಕಿನ ಹಿಂದೆ ನಾಲ್ಕು ಪಾವತಿಗಳ ತಾರೀಖು, ಮೊತ್ತ, ಯುಪಿಐ ರೆಫರೆನ್ಸ್ ನಂಬರು ಬರೆದು, "ಒಟ್ಟು 1,50,000 ಮುಟ್ಟಿದೆ, ಬಾಕಿ 3,30,000" ಎಂದು ಕಾಕಾ ಸಹಿ ಮಾಡಿದರು. ಮಗನ ಜತೆ ನಾನೂ ಬ್ಯಾಂಕಿಗೆ ಹೋದೆ.

ಕೌಂಟರಿನ ಹುಡುಗಿ ಚೆಕ್ಕನ್ನು ಎರಡು ಸಲ ತಿರುವಿ ನೋಡಿದಳು. "ಸರ್, ಮುಂದೆ 4,80,000 ಇದೆ, ಚಲನ್ನಿನಲ್ಲಿ 3,30,000 ಬರೆದೀರಿ. ಸಿಸ್ಟಮ್ ತಗೊಳ್ಳೂದಿಲ್ಲ." ಮ್ಯಾನೇಜರರ ಬಳಿ ಹೋದೆವು. ಅವರು ತಾಳ್ಮೆಯಿಂದ ಕೇಳಿದರು, 56ನೇ ಕಲಮನ್ನು ನನ್ನ ಪುಸ್ತಕದಲ್ಲಿ ಓದಿದರು, ಕೊನೆಗೆ ಹೇಳಿದ್ದು ಇಷ್ಟು: ಕ್ಲಿಯರಿಂಗ್‌ನಲ್ಲಿ ನಾನು ಹಾಕಬೇಕಾದ್ದು ಮುಖದ ಮೇಲಿರುವ ಮೊತ್ತ. ಬೇರೆ ಮೊತ್ತ ಹಾಕಿದರೆ ತಾಳೆಯಾಗದೆ ವಾಪಸ್ ಬರುತ್ತದೆ, ಮುಖದ ಮೊತ್ತವನ್ನೇ ಹಾಕಿದರೆ ನಿಮ್ಮ ಹಿಂಬರಹಕ್ಕೆ ಅರ್ಥವಿಲ್ಲ. ವ್ಯಾಪಾರಿಯಿಂದ ಹೊಸ ಚೆಕ್ಕು ತನ್ನಿ.

ಮ್ಯಾನೇಜರರದು ತಪ್ಪು ಎಂದು ನಾನು ಹೇಳಲಾರೆ. ಈಗ ಚೆಕ್ಕು ಬ್ಯಾಂಕಿನಿಂದ ಬ್ಯಾಂಕಿಗೆ ಪ್ರಯಾಣ ಮಾಡುವುದಿಲ್ಲ. 2008ರಲ್ಲಿ ದೆಹಲಿಯಲ್ಲಿ ಶುರುವಾದ ಚೆಕ್ ಟ್ರಂಕೇಶನ್ ವ್ಯವಸ್ಥೆಯಲ್ಲಿ ಹೋಗುವುದು ಅದರ ಚಿತ್ರ: ಮುಂಬದಿಯದು ಎರಡು, ಹಿಂಬದಿಯದು ಒಂದು. ಅಂದರೆ ಕಾಕಾ ಬರೆದ ಸಾಲುಗಳ ಚಿತ್ರವೂ ಇಚಲಕರಂಜಿಯ ಬ್ಯಾಂಕಿಗೆ ಹೋಗುತ್ತಿತ್ತು. ಆದರೆ ಅದನ್ನು ಮೊತ್ತವಾಗಿ ಓದುವ ಜಾಗ ನಮ್ಮ ಕೌಂಟರಿನ ಪರದೆಯಲ್ಲಿ ಇರಲಿಲ್ಲ. ಈ ಚಿತ್ರವೂ ಚೆಕ್ಕೇ ಎಂದು 2002ರ ತಿದ್ದುಪಡಿ 6ನೇ ಕಲಮಿನಲ್ಲಿ ಬರೆಯಿತು. ಚೆಕ್ಕಿನ ಬೆನ್ನಿನ ಮಾತನ್ನು ಯಂತ್ರಕ್ಕೆ ಹೇಗೆ ತಿಳಿಸಬೇಕು ಎಂಬುದನ್ನು ಬರೆಯಲಿಲ್ಲ. ಕೋರ್ಟು ಬೆನ್ನಿಗೆ ಬರೆಯಿರಿ ಎನ್ನುತ್ತದೆ, ಕೌಂಟರು ಮುಖವನ್ನಷ್ಟೇ ಓದುತ್ತದೆ, ನೇಕಾರ ಎರಡರ ನಡುವೆ ನಿಂತಿರುತ್ತಾನೆ.

"ಚೆಕ್ಕೇ ಯಾಕ ಬೇಕ್ರೀ, ಎಲ್ಲಾ ಯುಪಿಐದಾಗ ಮಾಡಿದರ ಆತಲ್ಲ" ಎಂದು ಬ್ಯಾಂಕಿನಿಂದ ಬರುವಾಗ ಮಗ ಕೇಳಿದ. 2016ರಲ್ಲಿ ಬಂದ ಯುಪಿಐ ನಮ್ಮೂರಿನ ಚುರಮುರಿ ಗಾಡಿಯವರೆಗೂ ಮುಟ್ಟಿದೆ, ಅವನ ಪ್ರಶ್ನೆ ಸಹಜ. ಆದರೆ ಯುಪಿಐ ಮಾಡುವುದು ಈಗಿಂದೀಗಲೇ ಕೊಡುವ ಕೆಲಸ. ಕಾಕಾ ಅವರಿಗೆ ಶ್ರಾವಣದಲ್ಲಿ ಬೇಕಿದ್ದದ್ದು ರೊಕ್ಕವಲ್ಲ, ಡಿಸೆಂಬರಿನಲ್ಲಿ ಕೊಡುತ್ತೇನೆ ಎಂಬ ಮಾತು, ತಪ್ಪಿದರೆ ಕೋರ್ಟಿನಲ್ಲಿ ನಿಲ್ಲುವ ಮಾತು. ಒಬ್ಬ ಸಾಮಾನ್ಯ ಮನುಷ್ಯ ಇನ್ನೊಬ್ಬ ಸಾಮಾನ್ಯ ಮನುಷ್ಯನಿಗೆ ಅಂಥ ಮಾತನ್ನು ಫೋನಿನಲ್ಲಿ ಬರೆದುಕೊಡುವ ದಾರಿ ಇವತ್ತಿಗೂ ಇಲ್ಲ.

ಸಂಸ್ಥೆಗಳಿಗೆ ಇದೆ. ಈ ವ್ಯತ್ಯಾಸವನ್ನು ಓದುಗರು ಗಮನಿಸಬೇಕು ಎಂಬುದು ನನ್ನ ಆಸೆ. 2007ರ ಪೇಮೆಂಟ್ ಆ್ಯಂಡ್ ಸೆಟ್ಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಕಲಮು, ಖಾತೆಯಲ್ಲಿ ಹಣವಿಲ್ಲದೆ ಎಲೆಕ್ಟ್ರಾನಿಕ್ ವರ್ಗಾವಣೆ ತಪ್ಪಿಹೋದರೆ ಅದನ್ನೂ ಚೆಕ್ ಬೌನ್ಸಿನಂತೆಯೇ ಅಪರಾಧ ಮಾಡಿದೆ. ಎರಡು ವರ್ಷದವರೆಗೆ ಜೈಲು ಅಥವಾ ಮೊತ್ತದ ಎರಡರಷ್ಟು ದಂಡ, ಅದೇ 30 ದಿನದ ನೋಟಿಸು, ನೋಟಿಸು ಮುಟ್ಟಿದ ಮೇಲೆ ಹಣ ಕೊಡಲು ಅದೇ 15 ದಿನದ ಗಡುವು. ಟ್ರ್ಯಾಕ್ಟರ್ ಸಾಲದ ಕಂತು ತಪ್ಪಿದಾಗ ಫೈನಾನ್ಸಿನವರು ಹೆದರಿಸುವುದು ಇದೇ ಕಲಮು ತೋರಿಸಿ. ಆದರೆ ಕಂತು ಎಳೆದುಕೊಳ್ಳುವ ಆ ಮ್ಯಾಂಡೇಟು ಫೈನಾನ್ಸಿಗೆ ಸಿಗುತ್ತದೆ, ಎಂಟು ಮಗ್ಗದ ಕಾಕಾ ಅದನ್ನು ವ್ಯಾಪಾರಿಯಿಂದ ಪಡೆಯಲಾರರು. ಪ್ರೊನೋಟಿನ ಕತೆಯೂ ಹಾಗೆಯೇ. ಎಲೆಕ್ಟ್ರಾನಿಕ್ ರೂಪದ ಪ್ರೊನೋಟು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ನಡೆಯುತ್ತಿರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಅನುಸೂಚಿ ತಿದ್ದಿ ಕೇಳಿದಾಗ ಹಣ ಕೊಡಬೇಕಾದ ಪ್ರೊನೋಟಿಗೆ ಅವಕಾಶ ಕೊಟ್ಟರು, ಆದರೆ ರಿಸರ್ವ್ ಬ್ಯಾಂಕ್, ಸೆಬಿಯಂಥವರ ನಿಯಂತ್ರಣದಲ್ಲಿರುವ ಸಂಸ್ಥೆಗಳ ಹೆಸರಿಗೆ ಬರೆದುಕೊಟ್ಟದ್ದಕ್ಕೆ ಮಾತ್ರ. ನೇಕಾರನ ಹೆಸರಿಗೆ ಬರೆಯುವ ಪ್ರೊನೋಟು ಇನ್ನೂ ಕಾಗದವೇ, ಅದಕ್ಕೆ ರೆವಿನ್ಯೂ ಸ್ಟಾಂಪೇ. ಇನ್ನು 6ನೇ ಕಲಮಿನಲ್ಲಿ 2002ರಿಂದಲೂ ಇರುವ ಡಿಜಿಟಲ್ ಸಹಿಯ ಎಲೆಕ್ಟ್ರಾನಿಕ್ ಚೆಕ್ಕನ್ನು ನನ್ನ ವೃತ್ತಿಯಲ್ಲಿ ನಾನು ಒಂದು ಸಲವೂ ನೋಡಿಲ್ಲ.

ಹೊಸ ಕಾಲದ ಕಾನೂನು ಸಾಲ ಕೊಡುವ ದೊಡ್ಡವರಿಗೆ ಮೊದಲು ಬಂತು, ಉದ್ರಿ ಕೊಡುವ ಸಣ್ಣವರಿಗೆ ಬರಲೇ ಇಲ್ಲ. ಇದು ನನ್ನ ದೂರು. ಆಗಬೇಕಾದ್ದು ಬಹಳ ದೊಡ್ಡದೂ ಅಲ್ಲ. ಯುಪಿಐ ಟಿಪ್ಪಣಿಯಲ್ಲಿ ಚೆಕ್ಕಿನ ನಂಬರು ಇದ್ದರೆ ಅದನ್ನೇ 56ನೇ ಕಲಮಿನ ಹಿಂಬರಹ ಎಂದು ಕಾಯ್ದೆ ಒಪ್ಪಬೇಕು. ಕ್ಲಿಯರಿಂಗ್ ವ್ಯವಸ್ಥೆಯಲ್ಲಿ ಬಾಕಿ ಮೊತ್ತಕ್ಕೆ ಒಂದು ಅಂಕಣ ಬೇಕು. 50,000 ಮತ್ತು ಅದಕ್ಕೂ ಮೇಲಿನ ಚೆಕ್ಕುಗಳಿಗೆ 2021ರಿಂದ ಪಾಸಿಟಿವ್ ಪೇ ಇದೆ. ಚೆಕ್ಕು ಬರೆದವನು ನಂಬರು, ತಾರೀಖು, ಮೊತ್ತವನ್ನು ಮೊದಲೇ ತನ್ನ ಬ್ಯಾಂಕಿಗೆ ತಿಳಿಸುತ್ತಾನೆ. ಅಷ್ಟು ತಿಳಿಸಬಲ್ಲವನು "ಇದರಲ್ಲಿ ಇಷ್ಟು ಕೊಟ್ಟಾಗಿದೆ" ಎಂದೂ ಅಲ್ಲಿಯೇ ತಿಳಿಸಬಹುದಲ್ಲ.

ತಿದ್ದುಪಡಿಗಳು ಬಂದೇ ಇಲ್ಲವೆಂದಲ್ಲ. ಚೆಕ್ ಬೌನ್ಸನ್ನು ಅಪರಾಧ ಮಾಡಿದ್ದು 1989ರಲ್ಲಿ. 2015ರ ತಿದ್ದುಪಡಿ ಇಲ್ಲದಿದ್ದರೆ ಕಾಕಾ ಫಿರ್ಯಾದಿ ಹಾಕಲು ಇಚಲಕರಂಜಿಗೆ ಹೋಗಬೇಕಿತ್ತು, ಈಗ ಚೆಕ್ಕು ಹಾಕಿದ ಖಾತೆ ಇರುವ ಊರಿನಲ್ಲೇ ಹಾಕಬಹುದು. 2018ರಿಂದ, ಆರೋಪಿ ತಪ್ಪೊಪ್ಪಿಕೊಳ್ಳದಿದ್ದರೆ ಚೆಕ್ಕಿನ ಮೊತ್ತದ ಶೇ 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರ ಕೋರ್ಟಿಗಿದೆ. 2025ರ ಸೆಪ್ಟೆಂಬರಿನಲ್ಲಿ ಇನ್ನೊಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಆರೋಪಿ ಶುರುವಿನಲ್ಲೇ ಹಣ ಕಟ್ಟಲು ಜಿಲ್ಲಾ ನ್ಯಾಯಾಲಯಗಳಲ್ಲಿ ಕ್ಯೂಆರ್ ಕೋಡ್, ಯುಪಿಐ ಲಿಂಕಿನ ಸೌಲಭ್ಯ ಇರಬೇಕೆಂದಿತು. 2019ರ ಕೊನೆಗೆ ದೇಶದಲ್ಲಿ ಬಾಕಿ ಇದ್ದ 2.31 ಕೋಟಿ ಕ್ರಿಮಿನಲ್ ಪ್ರಕರಣಗಳಲ್ಲಿ 35.16 ಲಕ್ಷ ಚೆಕ್ ಬೌನ್ಸಿನವೇ ಆಗಿದ್ದವು, ಆ ಹೊರೆ ಇಳಿಸಲು ಇವೆಲ್ಲ ಬೇಕು. ಆದರೆ ಇವೆಲ್ಲ ಪ್ರಕರಣ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲಿನ ಸುಧಾರಣೆ. ನಮ್ಮದು ಮೆಟ್ಟಿಲ ಕೆಳಗೇ ನಿಂತಿತ್ತು.

ಕೊನೆಗೆ ನಮ್ಮ ಕೈಗೆ ಬಂದ ಬಲ ಆ ಉತ್ತರ ನೋಟಿಸೇ. 1,50,000 ಕೊಟ್ಟಿದ್ದೇವೆ ಎಂದು ಬರೆಯುವಾಗ, ಸೀರೆ ಬಂದದ್ದನ್ನೂ ಚೆಕ್ಕು ಅದಕ್ಕಾಗಿಯೇ ಕೊಟ್ಟದ್ದನ್ನೂ ಅವರ ವಕೀಲರು ಒಪ್ಪಿಕೊಂಡಿದ್ದರು. 3,30,000ಕ್ಕೆ ಸಿವಿಲ್ ದಾವೆ ಹೂಡಲು ಅಷ್ಟು ಸಾಕು, ಮೂರು ವರ್ಷ ಅವಧಿಯೂ ಇತ್ತು. ಇನ್ನೊಂದು, ಕಾಕಾ ಅವರ ಶೆಡ್ಡಿಗೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಇತ್ತು. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಸಣ್ಣ ಉತ್ಪಾದಕನಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆ ಜನವರಿಯಲ್ಲಿ ಬ್ಯಾಂಕ್ ದರ ಶೇ 6.75, ಮೂರು ಪಟ್ಟೆಂದರೆ ಶೇ 20.25. ಕೊಳ್ಳುವವನು ಮಹಾರಾಷ್ಟ್ರದಲ್ಲಿದ್ದರೂ ಮಾರಿದವನ ಕಡೆಯ, ಇಂಥ ಬಾಕಿ ಕೊಡಿಸಲೆಂದೇ ಇರುವ ಮಂಡಳಿಯ ಮುಂದೆ ಅರ್ಜಿ ಹಾಕಬಹುದು. ಇದನ್ನೆಲ್ಲ ಲೆಕ್ಕ ಸಮೇತ ಅವರ ವಕೀಲರಿಗೆ ಬರೆದೆ. ಮಗನ ಖಾತೆಗೆ ಹಣ ಬಂದದ್ದು ನಿಜವೆಂದೂ ಅದೇ ಪತ್ರದಲ್ಲಿ ಮೊದಲ ಸಾಲಿಗೇ ಒಪ್ಪಿಕೊಂಡೆ.

ಫೆಬ್ರವರಿ ಎರಡನೇ ವಾರ ವ್ಯಾಪಾರಿ ತಾನೇ ಬನಹಟ್ಟಿಗೆ ಬಂದ. ಮಗ್ಗದ ಸದ್ದಿನಲ್ಲಿ ಮಾತು ಕೇಳದೆ ಮೊದಲು ನಾಲ್ಕು ಮಗ್ಗ, ಆಮೇಲೆ ಎಂಟೂ ನಿಲ್ಲಿಸಬೇಕಾಯಿತು. "ಕಾಕಾ, ನನಗೂ ಮುಂದಿನವರು ಕೊಟ್ಟಿಲ್ಲ. ನಿಮ್ಮದು ಮುಳುಗಿಸೋ ವಿಚಾರ ನನಗಿಲ್ಲ" ಎಂದ. ನಾನು ನಂಬಿದೆ, ಆ ಸರಪಳಿಯಲ್ಲಿ ಅವನೂ ಒಂದು ಕೊಂಡಿ. ಬಡ್ಡಿ ಬೇಡವೆಂದು ಕಾಕಾ ತಾವೇ ಹೇಳಿದರು, ನಾನು ತಡೆಯಲಿಲ್ಲ. ಫೆಬ್ರವರಿ 28, ಮಾರ್ಚ್ 31, ಏಪ್ರಿಲ್ 30ರ ತಾರೀಖಿಗೆ ತಲಾ 1,10,000ದ ಮೂರು ಚೆಕ್ಕು. ಮೂರನ್ನೂ ಪಾಸಿಟಿವ್ ಪೇಯಲ್ಲಿ ನಮೂದಿಸಿ ತೋರಿಸಬೇಕು. ಒಪ್ಪಂದ ಪತ್ರದಲ್ಲಿ ನಾನು ಸೇರಿಸಿದ ಷರತ್ತು ಒಂದು: ಈ ಚೆಕ್ಕುಗಳ ಬದಲಿಗೆ ಫೋನಿನಲ್ಲಿ ಎಷ್ಟೇ ರೊಕ್ಕ ಹಾಕಿದರೂ ಟಿಪ್ಪಣಿಯಲ್ಲಿ ಚೆಕ್ಕಿನ ನಂಬರು ಇರಬೇಕು, ಮತ್ತು ಉಳಿದ ಮೊತ್ತಕ್ಕೆ ಚೆಕ್ಕು ಬದಲಿಸಿಕೊಡಬೇಕು. ಬೆನ್ನ ಮೇಲೆ ಬರೆದ ಹಳೆಯ ಚೆಕ್ಕನ್ನು ಕಾಕಾ ಅವನ ಕೈಗೆ ವಾಪಸ್ ಕೊಟ್ಟರು.

ಮೊದಲ ಚೆಕ್ಕು ಪಾಸಾಯಿತು. ಎರಡನೆಯದಕ್ಕೆ ಷರತ್ತು ಕೆಲಸಕ್ಕೆ ಬಂತು. ಮಾರ್ಚ್ 29ಕ್ಕೆ ಅವನು 60,000 ಯುಪಿಐ ಮಾಡಿದ, ಟಿಪ್ಪಣಿಯಲ್ಲಿ ಆರು ಅಂಕಿಯ ಚೆಕ್ ನಂಬರು. ಮಗ ಆ ಚೆಕ್ಕನ್ನು ಬ್ಯಾಂಕಿಗೆ ಒಯ್ಯದೆ ಕೊರಿಯರ್ ಮಾಡಿದ, ಬದಲಿಗೆ 50,000ದ ಹೊಸದು ಬಂತು. ಯಂತ್ರ ಮಾಡಬೇಕಾದ ಕೆಲಸವನ್ನು ಕೊರಿಯರಿನ ಹುಡುಗ ಮಾಡಿದ. ಮೂರನೆಯದರ ತಾರೀಖು ಬಸವ ಜಯಂತಿಯ ದಿನ ಬಿದ್ದಿತ್ತು, ಮರುದಿನ ಮೇ 1ರ ರಜೆ. ಮೇ 2ರ ಶುಕ್ರವಾರ ಚೆಕ್ಕು ಹಾಕಿದೆವು, ರೊಕ್ಕ ಜಮಾ ಆಯಿತು.

ಈಗ ಚೆಕ್ಕಿನ ಪ್ರಕರಣ ಹಿಡಿದು ಯಾರೇ ಬಂದರೂ ನಾನು ಮೊದಲು ಕೇಳುವುದು ಮನೆಯಲ್ಲಿ ಎಷ್ಟು ಫೋನಿವೆ ಎಂದು. ಎಲ್ಲ ಖಾತೆಗಳ ಹಿಂದಿನ ಒಂದು ವರ್ಷದ ಸ್ಟೇಟ್‌ಮೆಂಟ್ ನೋಡದೆ ನೋಟಿಸು ಬರೆಯುವುದಿಲ್ಲ. ಬೇಸಿಗೆಯಲ್ಲಿ ಒಮ್ಮೆ ಕಾಕಾ ಅವರ ಮನೆಗೆ ಹೋದಾಗ ಕಿರ್ದಿ ತೋರಿಸಿದರು. ಪ್ರತಿ ಪುಟಕ್ಕೂ ಸ್ಕೇಲಿನಿಂದ ಒಂದು ಗೆರೆ ಹೆಚ್ಚಿಗೆ ಎಳೆದು, ಮೇಲೆ ಮಗನ ಅಕ್ಷರದಲ್ಲಿ ಬರೆದಿತ್ತು: "ಫೋನಿನ್ಯಾಗ ಬಂದದ್ದು, ಯಾವ ಚೆಕ್ಕಿಂದು".